ಫಸಲಿ ವರ್ಷದ ಗೆರೆ ಮತ್ತು ಸತ್ತವರ ವಯಸ್ಸು

ಈಗ ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಗೆ ಸೇರಿದ ಉಮರ್ಗಾ, ಲಾತೂರು ಜಿಲ್ಲೆಗೆ ಸೇರಿದ ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳ ಸೀಮೆ ಹಿಂದೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಿಲಂಗಾ ಮತ್ತು ಉದಗೀರಗಳು ಆಗ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಉಸ್ಮಾನಾಬಾದಿಗೂ (ಇಂದಿನ ಧಾರಾಶಿವ), 1982ರಲ್ಲಿ ಹೊಸದಾಗಿ ರಚನೆಯಾದ ಲಾತೂರಿಗೂ ಹೋದವು. ಈ ಸೀಮೆಯ ಸಾವುಗಳ ಲೆಕ್ಕ ಹುಡುಕುವವರು ಮೊದಲು ಬಿಡಿಸಬೇಕಾದ ಗಂಟು ಇದೇ: 1918ರಲ್ಲಿ ಇನ್‌ಫ್ಲುಯೆಂಜಾಕ್ಕೆ ಬಲಿಯಾದ ಉದಗೀರದ ರೈತ ಬೀದರದ ಕೋಷ್ಟಕದೊಳಗೆ ಸೇರಿದರೆ, 2021ರಲ್ಲಿ ಕೊವಿಡ್‌ನಿಂದ ತೀರಿಕೊಂಡ ಅದೇ ಊರಿನವನು ಲಾತೂರಿನ ಕೋಷ್ಟಕದೊಳಗೆ ಸೇರುತ್ತಾನೆ. ಆದ್ದರಿಂದ ಇಂದಿನ ಜಿಲ್ಲೆಯ ಹೆಸರು ಹಿಡಿದು ಹಿಂದಿನ ಅಂಕಿಗಳೊಡನೆ ಹೋಲಿಸುವುದು ಸಲ್ಲದು.

ಎರಡನೆಯ ಗಂಟು ಪಂಚಾಂಗದ್ದು. ಸಂಸ್ಥಾನದ ಆಡಳಿತ ವರದಿಗಳು ಫಸಲಿ ಎಂಬ ಕಂದಾಯ ವರ್ಷವನ್ನು ಅನುಸರಿಸುತ್ತಿದ್ದವು. ಇದು ಅಕ್ಟೋಬರ್ 6ಕ್ಕೆ ಆರಂಭವಾಗಿ ಮರುವರ್ಷದ ಅಕ್ಟೋಬರ್ 5ಕ್ಕೆ ಮುಗಿಯುತ್ತಿದ್ದು, ಅದಕ್ಕೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಇಸವಿ ಸಿಗುತ್ತದೆ. ಮರಾಠಿಯಲ್ಲಿ ‘ಮಾನಮೋಡಿ’, ಅಂದರೆ ಕುತ್ತಿಗೆ ಮುರಿಯುವ ಬೇನೆ, ಎಂದು ಜನ ಕರೆದ ಆ ಜ್ವರದ ಎರಡನೆಯ ಅಲೆ 1918ರ ಸೆಪ್ಟೆಂಬರಿನಲ್ಲಿ ಎದ್ದು, ಮುಂಬಯಿ ನಗರದಲ್ಲಿ ಅಕ್ಟೋಬರ್ 6ರಂದು, ಒಂದೇ ದಿನಕ್ಕೆ 768 ಸಾವುಗಳೊಂದಿಗೆ, ತನ್ನ ತುದಿಯನ್ನು ಮುಟ್ಟಿತು. ಫಸಲಿ 1327 ಮುಗಿದು 1328 ಹುಟ್ಟಿದ್ದು ಅದೇ ದಿನ. ಹೀಗಾಗಿ ಒಂದೇ ಪಿಡುಗಿನ ಏರಿಕೆ ಒಂದು ವರ್ಷದ ಖಾತೆಗೂ ಇಳಿಕೆ ಇನ್ನೊಂದು ವರ್ಷದ ಖಾತೆಗೂ ಹಂಚಿಹೋಗುವ ಸಂಭವವಿದ್ದು, ವಾರ್ಷಿಕ ಮೊತ್ತವನ್ನಷ್ಟೇ ನೋಡುವ ಓದುಗನಿಗೆ ಎರಡು ಸಾಧಾರಣ ಕೆಟ್ಟ ವರ್ಷಗಳು ಕಾಣುತ್ತವೆಯೇ ಹೊರತು ಕೆಲವೇ ವಾರಗಳಲ್ಲಿ ಮನೆಮನೆಗಳನ್ನು ಬರಿದು ಮಾಡಿದ ಸಂಹಾರ ಕಾಣುವುದಿಲ್ಲ.

ಆ ಸಂಹಾರದ ಗಾತ್ರವನ್ನು ಜನಗಣತಿಯೇ ಹೇಳುತ್ತದೆ. 1911ರಲ್ಲಿ 1,33,74,676 ಇದ್ದ ಸಂಸ್ಥಾನದ ಜನಸಂಖ್ಯೆ 1921ರಲ್ಲಿ 1,24,71,770ಕ್ಕೆ ಇಳಿಯಿತು. ಈ ಇಳಿಕೆಯನ್ನು ಪೂರ್ತಿ ಇನ್‌ಫ್ಲುಯೆಂಜಾದ ತಲೆಗೆ ಕಟ್ಟಲಾಗದು, ಏಕೆಂದರೆ 1918ರಲ್ಲಿ ಮುಂಗಾರು ಕೈಕೊಟ್ಟು ಬರ ಬಿದ್ದಿತ್ತು, ಪ್ಲೇಗ್ ಕೂಡ ಪೂರ್ತಿ ತೊಲಗಿರಲಿಲ್ಲ, ಮೇಲಾಗಿ 1919ರಲ್ಲಿ ಜನನಗಳೇ ಕುಸಿದವು. ಹಳ್ಳಿಗಳಲ್ಲಿ ಸಾವನ್ನು ಬರೆಸುವ ಹೊಣೆ ಪಟೇಲನದಾಗಿದ್ದು, ವೈದ್ಯನನ್ನೇ ಕಾಣದ ಊರಿನಲ್ಲಿ ಅವನು ಕಾರಣದ ಕಡೆ ‘ಜ್ವರ’ ಎಂದಷ್ಟೇ ಬರೆಸಬಲ್ಲವನಾಗಿದ್ದ. ಆದ್ದರಿಂದ ಲೆಕ್ಕಿಗರು ಮಾಮೂಲು ವರ್ಷಗಳ ಜ್ವರದ ಸಾವುಗಳ ಸರಾಸರಿಯನ್ನು ಕಳೆದು, ಉಳಿದದ್ದನ್ನು ಇನ್‌ಫ್ಲುಯೆಂಜಾಕ್ಕೆ ಜಮಾ ಮಾಡಿದರು. ಇಂದು ‘ಹೆಚ್ಚುವರಿ ಮರಣ’ ಎನ್ನುವ ಅಳತೆಯ ಬೇರು ಇಂಥ ಲೆಕ್ಕದಲ್ಲಿಯೇ ಇದೆ.

ವಯಸ್ಸಿನ ಅಂಕಣ ಇನ್ನೂ ಸೂಕ್ಷ್ಮವಾದದ್ದು. ಹುಟ್ಟಿದ ತಾರೀಖು ಬರೆದಿಡದ ಕಾಲದಲ್ಲಿ ಜನ ವಯಸ್ಸನ್ನು ‘ಮೂವತ್ತರ ಆಸುಪಾಸು’, ‘ನಲವತ್ತಾಗಿರಬಹುದು’ ಎಂದು ಹೇಳುತ್ತಿದ್ದುದರಿಂದ ಸೊನ್ನೆ ಮತ್ತು ಐದರಿಂದ ಕೊನೆಯಾಗುವ ವಯಸ್ಸುಗಳಲ್ಲಿ ಜನ ಗುಂಪುಗೂಡಿ ಕಾಣುತ್ತಾರೆ, ಇಪ್ಪತ್ತೊಂಬತ್ತು, ಮೂವತ್ತೊಂದುಗಳು ಬರಿದಾಗುತ್ತವೆ. ಹಾಗಿದ್ದೂ ಹತ್ತು ವರ್ಷದ ಅಗಲವಾದ ಗುಂಪುಗಳಲ್ಲಿ ನೋಡಿದರೆ ಒಂದು ಸಂಗತಿ ಅಳಿಸಲಾಗದಂತೆ ಉಳಿಯುತ್ತದೆ. ಸಾಧಾರಣ ಜ್ವರ ಹಸುಗೂಸುಗಳನ್ನೂ ಮುದುಕರನ್ನೂ ಒಯ್ದರೆ, 1918ರದು ಇಪ್ಪತ್ತರಿಂದ ನಲವತ್ತರವರನ್ನು, ಅಂದರೆ ನೇಗಿಲು ಹಿಡಿಯುವ ಮತ್ತು ಮಕ್ಕಳನ್ನು ಹೆರುವ ತಲೆಮಾರನ್ನು, ಒಯ್ದಿತು. ಭಾರತದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು ಸತ್ತರು. ಬರದಲ್ಲಿ ಹಸಿದ ಮೈಯಲ್ಲಿಯೇ ರೋಗಿಗಳ ಆರೈಕೆಗೆ ನಿಂತ ಹೆಣ್ಣುಮಕ್ಕಳ ಪಾಲು ಅದರಲ್ಲಿ ದೊಡ್ಡದೆಂದು ತಿಳಿಯಲು ಕಾರಣವಿದೆ.

ಕೊವಿಡ್‌ನ ವಯೋಕ್ರಮ ಇದಕ್ಕೆ ತೀರ ವಿರುದ್ಧವಾದದ್ದು, ಅದರ ಅಪಾಯ ವಯಸ್ಸಿನೊಡನೆ ಏರುತ್ತ ಹೋಗುತ್ತದೆ. ಆದರೂ ಭಾರತದ ಪಟ್ಟಿಗಳಲ್ಲಿ ಅರವತ್ತರ ಒಳಗಿನವರ ಸಾವುಗಳು ಕಣ್ಣಿಗೆ ಹೊಡೆಯುವಷ್ಟಿದ್ದು, ‘ಇಲ್ಲಿ ರೋಗ ನಡುವಯಸ್ಸಿನವರನ್ನೇ ಹುಡುಕಿ ಕೊಂದಿತು’ ಎಂಬ ತೀರ್ಮಾನಕ್ಕೆ ಹಲವರು ಹಾರಿದರು. ಊಹೆಯ ಒಂದು ತಾಲ್ಲೂಕಿನಲ್ಲಿ ನಲವತ್ತರಿಂದ ಐವತ್ತೊಂಬತ್ತರವರು 20,000, ಅರವತ್ತು ದಾಟಿದವರು 10,000 ಇದ್ದು, ಎರಡೂ ಗುಂಪುಗಳಲ್ಲಿ ಐವತ್ತೈವತ್ತು ಜನ ಸತ್ತರೆನ್ನೋಣ. ಸಾವಿನ ಪಾಲು ಸಮವೆನಿಸುತ್ತದೆ. ಆದರೆ ಸಾವಿರಕ್ಕೆ ಎಷ್ಟು ಎಂದು ಕೇಳಿದರೆ ಹಿರಿಯರಲ್ಲಿ ಐದು, ಕಿರಿಯರಲ್ಲಿ ಎರಡೂವರೆ. ಭಾಗಾಕಾರದಲ್ಲಿ ಕೆಳಗೆ ನಿಲ್ಲುವ ಈ ಜನಸಂಖ್ಯೆಗೆ ಛೇದವೆನ್ನುತ್ತಾರೆ. ಅದನ್ನು ಬಿಟ್ಟು ಹೇಳಿದ ಶೇಕಡಾವಾರು ಅರ್ಧ ಮಾತು. 2011ರ ಜನಗಣತಿಯಲ್ಲಿ ಅರವತ್ತು ದಾಟಿದವರು ಮಹಾರಾಷ್ಟ್ರದಲ್ಲಿ ಶೇ 9.9, ಕೇರಳದಲ್ಲಿ ಶೇ 12.6 ಇದ್ದರು, ಇಂಥ ಎರಡು ಪ್ರದೇಶಗಳನ್ನು ಹೋಲಿಸುವಾಗ ವಯಸ್ಸಿನ ಹಂಚಿಕೆ ಎರಡೂ ಕಡೆ ಒಂದೇ ಎಂದು ಭಾವಿಸಿ ಲೆಕ್ಕವನ್ನು ಸರಿದೂಗಿಸುವ ಕ್ರಮಕ್ಕೆ ವಯೋ ಪ್ರಮಾಣೀಕರಣವೆಂದು ಹೆಸರು.

ಆಸ್ಪತ್ರೆಯ ಅಂಕಿಗಳು ರೋಗವನ್ನಷ್ಟೇ ಅಲ್ಲ, ಆದೇಶಗಳನ್ನೂ ಅಳೆಯುತ್ತವೆ. 2020ರ ಆರಂಭದಲ್ಲಿ ಸೋಂಕು ಕಂಡವರನ್ನೆಲ್ಲ, ಕೆಮ್ಮಿಲ್ಲದ ಯುವಕರನ್ನೂ ಸೇರಿಸಿ, ದಾಖಲಿಸಿಕೊಳ್ಳುತ್ತಿದ್ದರು. ಸೌಮ್ಯ ಲಕ್ಷಣದವರು ಮನೆಯಲ್ಲಿಯೇ ಪ್ರತ್ಯೇಕವಾಗಿರಬಹುದೆಂಬ ಕೇಂದ್ರದ ಮಾರ್ಗಸೂಚಿ ಬಂದದ್ದು ಏಪ್ರಿಲ್ 27ರಂದು. 2021ರ ಎರಡನೆಯ ಅಲೆಯಲ್ಲಿ ಹಾಸಿಗೆ ಸಿಕ್ಕಿದ್ದೇ ಪುಣ್ಯವೆಂಬ ಸ್ಥಿತಿಯಿತ್ತು, ಅದಕ್ಕೂ ಮುಂಚೆ ಮಾರ್ಚ್ 1ರಿಂದ ಲಸಿಕೆ ಅರವತ್ತು ದಾಟಿದವರಿಗೆ ಸಿಗತೊಡಗಿತ್ತು. ಆದ್ದರಿಂದ ಎರಡು ಅಲೆಗಳ ನಡುವೆ ದಾಖಲಾದವರ ವಯಸ್ಸು ಬದಲಾಯಿತೆಂದರೆ ವೈರಾಣುವಿನ ಸ್ವಭಾವವೇ ಬದಲಾಯಿತೆಂದು ಅರ್ಥವಲ್ಲ.

ಗಡಿಯ ತೊಡಕು ಇಲ್ಲಿಯೂ ಬಿಡದು. ಉಮರ್ಗಾದ ರೋಗಿಗೆ ಹೆದ್ದಾರಿಯಲ್ಲಿ ಸೋಲಾಪುರ, ಉದಗೀರದ ರೋಗಿಗೆ ಬೀದರ ಹತ್ತಿರ. ದೇಶದ ಮೊದಲ ಕೊವಿಡ್ ಸಾವೆಂದು ದಾಖಲಾದ, 2020ರ ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ 76 ವರ್ಷದ ವೃದ್ಧರನ್ನು ಹೈದರಾಬಾದಿಗೂ ಒಯ್ಯಲಾಗಿತ್ತು. ಆ ಸಾವನ್ನು ಕರ್ನಾಟಕದ ಲೆಕ್ಕಕ್ಕೆ ಬರೆದರು. ಸತ್ತ ಸ್ಥಳ ಮತ್ತು ವಾಸದ ಸ್ಥಳ ಬೇರೆಯಾದಾಗ ಯಾವುದನ್ನು ಹಿಡಿದರೆಂದು ತಿಳಿಯದೆ ಗಡಿ ತಾಲ್ಲೂಕಿನ ಮರಣದರವನ್ನು ನಂಬುವಂತಿಲ್ಲ. ಕಾರಣವನ್ನು ಬರೆಯುವುದರಲ್ಲಿಯೂ ಪಟೇಲನ ಕಾಲ ಪೂರ್ತಿ ಕಳೆದಿಲ್ಲ: 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ಶೇ 22.5 ಮಾತ್ರ.

ಈ ಮೂರು ತಾಲ್ಲೂಕುಗಳ ಕೊವಿಡ್ ಸಾವುಗಳನ್ನು ವಯಸ್ಸುವಾರು ಭಾಗಿಸಲು ಆ ಪಿಡುಗಿನ ಕಾಲಕ್ಕೆ ಕೈಗೆ ಸಿಗುತ್ತಿದ್ದ ಕೊನೆಯ ಪೂರ್ಣ ಎಣಿಕೆ 2011ರದು. 2021ರಲ್ಲಿ ನಡೆಯಬೇಕಿದ್ದ ಜನಗಣತಿಯನ್ನು ಆ ಪಿಡುಗಿನ ಕಾರಣದಿಂದಲೇ ಮುಂದೂಡಲಾಯಿತು.