ಸಾಹೇಬರ ಬೈಕಿಗೂ ಅದೇ ಕಾಯ್ದೆಯೇ? ಕಲ್ಕತ್ತೆಯ ಕುದುರೆಯಿಂದ ಘೋಡಗೇರಿ ರಸ್ತೆಯ ತನಕ

ಕಳೆದ ಕಬ್ಬಿನ ಹಂಗಾಮಿನಲ್ಲಿ ಘೋಡಗೇರಿಯ ಚಾದಂಗಡಿಯಲ್ಲಿ ಕುಳಿತಾಗ ಹುಡುಗನೊಬ್ಬ ಪಾವತಿ ತೋರಿಸಿದ. ಹೆಲ್ಮೆಟ್ ಇಲ್ಲದ್ದಕ್ಕೆ 500 ರೂಪಾಯಿ ದಂಡ. ದಂಡದ್ದು ಅವನಿಗೆ ಅಷ್ಟು ಬೇಜಾರಿರಲಿಲ್ಲ. "ದಂಡ ಹಾಕಿದ ಮ್ಯಾಲೆ ಅವ್ರು ಬೈಕ್ ಹತ್ತಿ ಹೋದ್ರಣ್ಣ, ಅವ್ರ ತಲಿ ಮ್ಯಾಲೂ ಹೆಲ್ಮೆಟ್ ಇರಲಿಲ್ಲ. ಯಾಕ್ರೀ ಸಾಹೇಬ್ರ ಅಂತ ಕೇಳಬೇಕಂದೆ, ಬಾಯಿ ಬರಲಿಲ್ಲ" ಅಂದ. ಪಕ್ಕದಲ್ಲಿದ್ದ ಹಿರಿಯರು ನಕ್ಕು, "ಅವ್ರಿಗೆಲ್ಲಿ ಕಾಯ್ದೆನೋ ತಮ್ಮಾ, ಕಾಯ್ದೆ ಅವ್ರ ಕೈಯಾಗ ಐತಿ" ಅಂದರು.

ಆ ಮಾತು ನಮ್ಮ ತಲೆಯಲ್ಲಿ ಉಳಿಯಿತು. ಯಾಕಂದರೆ ಹಿರಿಯರು ಹೇಳಿದ್ದು ಒಂದು ಕಾಲಕ್ಕೆ ಬರೀ ಚಾದಂಗಡಿ ಮಾತಾಗಿರಲಿಲ್ಲ, ಕೋರ್ಟಿನ ಮಾತೇ ಆಗಿತ್ತು. ಸರ್ಕಾರ ಮಾಡಿದ ಕಾಯ್ದೆ ಸರ್ಕಾರಕ್ಕೇ ಅನ್ವಯಿಸುತ್ತದೆಯೇ ಎಂಬ ಜಗಳ ನಮ್ಮ ದೇಶದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದಿದೆ. ಅದು ಶುರುವಾದದ್ದೂ ರಸ್ತೆಯಲ್ಲೇ, ಒಂದು ಕುದುರೆಯಿಂದ.

ಕಲ್ಕತ್ತೆಯ ಕಿದ್ದರ್‌ಪುರದಲ್ಲಿ ಸರ್ಕಾರದ ಹಡಗು ಕಟ್ಟೆ ಇತ್ತು. ಅಲ್ಲಿನ ಕೂಲಿಗಳು ದೊಡ್ಡ ಕಬ್ಬಿಣದ ಸಾಮಾನು ಹೊತ್ತು ರಸ್ತೆ ದಾಟುತ್ತಿದ್ದರು. ಅದೇ ಹೊತ್ತಿಗೆ ಪಿ ಅಂಡ್ ಓ ಎಂಬ ಹಡಗು ಕಂಪನಿಯ ಕುದುರೆ ಗಾಡಿ ಬಂತು. ಕೂಲಿಗಳು ಗಾಬರಿಯಲ್ಲಿ ಕಬ್ಬಿಣ ಕೆಳಗೆ ಬಿಟ್ಟರು, ಸದ್ದಿಗೆ ಕುದುರೆ ಬೆದರಿ ಪೆಟ್ಟು ಮಾಡಿಕೊಂಡಿತು. ಕಂಪನಿ ಸರ್ಕಾರದ ಮೇಲೇ ಕೇಸು ಹಾಕಿತು. 1861ರಲ್ಲಿ ನ್ಯಾಯಾಧೀಶ ಬಾರ್ನ್ಸ್ ಪೀಕಾಕ್ ಕಂಪನಿಯ ಪರವಾಗಿ ತೀರ್ಪು ಕೊಟ್ಟರು. ಆದರೆ ತೀರ್ಪಿನೊಳಗೆ ಒಂದು ಗೆರೆಯನ್ನೂ ಎಳೆದರು. ವ್ಯಾಪಾರಿಯೂ ಮಾಡಬಹುದಾದ ಕೆಲಸದಲ್ಲಿ ತಪ್ಪಾದರೆ ಸರ್ಕಾರ ಪರಿಹಾರ ಕೊಡಬೇಕು. ಅರಸೊತ್ತಿಗೆ ಮಾತ್ರ ಮಾಡಬಲ್ಲ ಕೆಲಸದಲ್ಲಿ ತಪ್ಪಾದರೆ ಕೊಡಬೇಕಿಲ್ಲ. ಆ ಗೆರೆ ಮುಂದೆ ಬಹಳ ಜನರನ್ನು ಕಾಡಿತು.

ಇಂಗ್ಲೆಂಡಿನಲ್ಲಂತೂ ಇನ್ನೂ ನೇರ. 1904ರಲ್ಲಿ ವೇಗಮಿತಿ ಮೀರಿ ಸೈನ್ಯದ ಉಗಿ ಎಂಜಿನ್ ಗಾಡಿ ಓಡಿಸಿದ ಸೈನಿಕನ ಕೇಸು ಬಂದಾಗ, ಆ ಕಾಯ್ದೆ ರಾಜನಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ರಾಜನ ಕೆಲಸದಲ್ಲಿದ್ದವನಿಗೂ ಇಲ್ಲ ಎಂದು ಕೋರ್ಟು ಬಿಟ್ಟುಬಿಟ್ಟಿತು.

ಇತ್ತ ನಮ್ಮಲ್ಲಿ ಮೊದಲ ಮೋಟಾರು ಕಾಯ್ದೆ 1914ರಲ್ಲಿ ಬಂತು, ಎರಡನೆಯದು 1939ರಲ್ಲಿ. ಆಗ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. 1956ರ ನವೆಂಬರ್ 1ರ ತನಕ ನಮ್ಮ ರಸ್ತೆಯ ನಿಯಮ, ಪೊಲೀಸರ ನಿಯಮ ಎರಡೂ ಮುಂಬೈಯಿಂದಲೇ ಬರುತ್ತಿದ್ದವು. ಹುಕ್ಕೇರಿ, ಗೋಕಾಕ ಕಡೆಯ ಹಳ್ಳಿಗಳಲ್ಲಿ ಆಗ ಓಡುತ್ತಿದ್ದದ್ದು ಚಕ್ಕಡಿ. ಜೀಪು ಕಂಡರೆ ಅದು ಸರ್ಕಾರದ್ದೇ ಎಂದು ಜನ ತಿಳಿಯುತ್ತಿದ್ದ ಕಾಲ ಅದು.

ಅಂಥದ್ದೇ ಒಂದು ಸರ್ಕಾರಿ ಜೀಪು 1952ರ ಫೆಬ್ರುವರಿಯಲ್ಲಿ ರಾಜಸ್ಥಾನದ ಉದಯಪುರದಲ್ಲಿ ಒಬ್ಬರ ಜೀವ ತೆಗೆಯಿತು. ಕಲೆಕ್ಟರ್ ಬಳಕೆಯ ಜೀಪು. ರಿಪೇರಿ ಮುಗಿಸಿ ಚಾಲಕ ವಾಪಸ್ ತರುವಾಗ ರಸ್ತೆ ಬದಿಯಲ್ಲಿ ನಡೆದು ಹೋಗುತ್ತಿದ್ದ ಜಗದೀಶಲಾಲ್ ಎಂಬುವರಿಗೆ ಗುದ್ದಿತು. ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಹೆಂಡತಿ ವಿದ್ಯಾವತಿ, ಜೊತೆಗೊಂದು ಸಣ್ಣ ಹೆಣ್ಣುಮಗು. ಕೆಳಗಿನ ಕೋರ್ಟು ಚಾಲಕನ ತಪ್ಪು ಅಂತ ಹೇಳಿತು, ಸರ್ಕಾರವನ್ನು ಬಿಟ್ಟಿತು. ಚಾಲಕನ ಹತ್ತಿರ ಏನಿತ್ತು ಕೊಡಲಿಕ್ಕೆ? ವಿದ್ಯಾವತಿ ಹೈಕೋರ್ಟಿಗೆ ಹೋದರು, ಸರ್ಕಾರವೇ 15,000 ರೂಪಾಯಿ ಕೊಡಬೇಕೆಂದು ಆದೇಶ ಆಯಿತು. ಅಷ್ಟಕ್ಕೆ ಸುಮ್ಮನಾಗದೆ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1962ರಲ್ಲಿ ಅಲ್ಲಿಯೂ ಸೋತಿತು. ಒಬ್ಬ ವಿಧವೆಯ 15,000ಕ್ಕಾಗಿ ಒಂದು ರಾಜ್ಯ ಹತ್ತು ವರ್ಷ ಬಡಿದಾಡಿದ್ದನ್ನು ಓದುವಾಗ ನಮಗೆ ಸಿಟ್ಟೂ ಬಂತು, ಆ ತಾಯಿಯ ಗಟ್ಟಿತನಕ್ಕೆ ಅಚ್ಚರಿಯೂ ಆಯಿತು. ಇವತ್ತು ಸರ್ಕಾರಿ ಗಾಡಿಯಿಂದ ಅಪಘಾತವಾದಾಗ ಪರಿಹಾರ ಕೇಳುವವರೆಲ್ಲ ನಡೆಯುವುದು ಆಕೆ ತುಳಿದ ದಾರಿಯಲ್ಲೇ.

ಇನ್ನು ಕಾಯ್ದೆ ಸರ್ಕಾರಕ್ಕೆ ಅನ್ವಯಿಸುತ್ತದೆಯೇ ಎಂಬ ನೇರ ಪ್ರಶ್ನೆ ತೀರಿದ್ದು ಒಂದು ಸಂತೆಯ ಕೇಸಿನಲ್ಲಿ. ಪಶ್ಚಿಮ ಬಂಗಾಳ ಸರ್ಕಾರ ಕಲ್ಕತ್ತೆಯಲ್ಲಿ ಲೈಸೆನ್ಸ್ ಇಲ್ಲದೆ ಮಾರುಕಟ್ಟೆ ನಡೆಸುತ್ತಿತ್ತು, ಅಲ್ಲಿನ ಕಾರ್ಪೊರೇಷನ್ ಕೇಸು ಹಾಕಿತ್ತು. ಸುಪ್ರೀಂ ಕೋರ್ಟು 1960ರ ಇನ್ನೊಂದು ಕೇಸಿನಲ್ಲಿ ಹಳೆ ಇಂಗ್ಲಿಷ್ ನಿಯಮವನ್ನೇ ಹಿಡಿದಿತ್ತು. ಈಗ 9 ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಕಾಯ್ದೆಯಲ್ಲೇ ವಿನಾಯಿತಿ ಇದ್ದರೆ ಮಾತ್ರ ಸರ್ಕಾರಕ್ಕೆ ವಿನಾಯಿತಿ, ಇಲ್ಲದಿದ್ದರೆ ಅದಕ್ಕೂ ನಮಗೂ ಒಂದೇ ಕಾಯ್ದೆ. ಈ ತೀರ್ಪು 1967ರ ವರದಿಗಳಲ್ಲಿ ಅಚ್ಚಾಗಿದೆ.

ಹಾಗಾದರೆ ಈಗಿನ ಕಾಯ್ದೆಯಲ್ಲಿ ಪೊಲೀಸರಿಗೆ ಏನು ವಿನಾಯಿತಿ ಇದೆ? ಇದೆ, ಸುಳ್ಳು ಹೇಳಬಾರದು. ಈಗ ನಡೆಯುತ್ತಿರುವುದು 1988ರ ಮೋಟಾರು ವಾಹನ ಕಾಯ್ದೆ. "ಪೊಲೀಸ್ ಜೀಪಿಗೆ ಇನ್ಶೂರೆನ್ಸ್ ಇಲ್ಲ" ಅಂತ ಊರಲ್ಲಿ ಆಗಾಗ ಮಾತು ಬರುತ್ತದೆ. 146ನೇ ಕಲಂ ಪ್ರಕಾರ ವ್ಯಾಪಾರಕ್ಕಲ್ಲದ ಸರ್ಕಾರಿ ವಾಹನಕ್ಕೆ ವಿಮೆ ಕಡ್ಡಾಯವೇ ಅಲ್ಲ. ಆದರೆ ಅಪಘಾತವಾದರೆ ಪರಿಹಾರ ಸಿಗುವುದಿಲ್ಲ ಎಂದು ತಿಳಿದು ಮನೆಯಲ್ಲಿ ಕೂರಬೇಡಿ. ವಿಮೆ ಕಂಪನಿಯ ಬದಲು ಸರ್ಕಾರವೇ ಕೊಡಬೇಕಾಗುತ್ತದೆ. ಅರ್ಜಿಯನ್ನು ಅಪಘಾತವಾದ 6 ತಿಂಗಳೊಳಗೆ ಹಾಕಬೇಕೆಂದು ಕಾಯ್ದೆಯಲ್ಲಿದೆ, ಅದನ್ನು ಮರೆಯಬೇಡಿ.

ಇನ್ನೊಂದು ವಿನಾಯಿತಿ ತುರ್ತಿನದು. 2017ರ ಚಾಲನಾ ನಿಯಮಗಳ ಪ್ರಕಾರ ಅಗ್ನಿಶಾಮಕ, ಆಂಬುಲೆನ್ಸ್, ಆಮೇಲೆ ಪೊಲೀಸ್ ವಾಹನ, ಈ ಕ್ರಮದಲ್ಲಿ ದಾರಿ ಬಿಡಬೇಕು. ದೀಪ, ಸೈರನ್ ಹಾಕಿಕೊಂಡು ನಿಜವಾದ ತುರ್ತಿಗೆ ಹೊರಟಾಗ ಅವು ಕೆಂಪು ಸಿಗ್ನಲ್ ದಾಟಬಹುದು, ವೇಗ ಮೀರಬಹುದು. ಅದೂ ಎಚ್ಚರದಿಂದ. ನಮ್ಮ ಅಭಿಪ್ರಾಯದಲ್ಲಿ ಇದು ಸರಿಯೇ. ಊರಲ್ಲಿ ಬಡಿದಾಟ ಆದಾಗ ಪೊಲೀಸ್ ಗಾಡಿ ಸಂಕೇಶ್ವರದ ಹೆದ್ದಾರಿಯಲ್ಲಿ ಸಾವಕಾಶ ಬರಲಿ ಎಂದು ಯಾರೂ ಬಯಸುವುದಿಲ್ಲ.

ಆದರೆ ಹೆಲ್ಮೆಟ್ಟು? 129ನೇ ಕಲಂ ಪೇಟ ಧರಿಸಿದ ಸಿಖ್ಖರನ್ನು ಬಿಟ್ಟಿದೆ. ಖಾಕಿ ಹಾಕಿದವರನ್ನು ಬಿಟ್ಟಿಲ್ಲ. ನಮ್ಮ ಕಾನ್‌ಸ್ಟೆಬಲ್‌ಗಳ ಹಳೆ ಸ್ಲೋಚ್ ಹ್ಯಾಟ್ ಹೋಗಿ 2025ರ ಅಕ್ಟೋಬರ್‌ನಲ್ಲಿ ಹೊಸ ಪೀಕ್ ಕ್ಯಾಪ್ ಬಂತು. ಬೈಕಿನ ಮೇಲೆ ಎರಡೂ ಲೆಕ್ಕಕ್ಕಿಲ್ಲ.

ಉಲ್ಟಾ, 2019ರ ತಿದ್ದುಪಡಿ ಪೊಲೀಸರಿಗೆ ನಮಗಿಂತ ಹೆಚ್ಚಿನ ದಂಡ ಇಟ್ಟಿದೆ. 210-ಬಿ ಎಂಬ ಹೊಸ ಕಲಂ ಬಂತು. ಈ ಕಾಯ್ದೆ ಜಾರಿ ಮಾಡುವ ಅಧಿಕಾರ ಇದ್ದವರೇ ಕಾಯ್ದೆ ಮುರಿದರೆ ದಂಡ ಎರಡು ಪಟ್ಟು. ದೆಹಲಿ ಸಂಚಾರ ಪೊಲೀಸರು ಅದೇ ಸೆಪ್ಟೆಂಬರಿನಲ್ಲಿ ತಮ್ಮ ಸಿಬ್ಬಂದಿಗೆ ಇದನ್ನು ನೆನಪಿಸಿ ಆದೇಶ ಹೊರಡಿಸಿದರು. ಕಾಯ್ದೆಯಲ್ಲಿ ಹೆಲ್ಮೆಟ್ ದಂಡ 1,000 ರೂಪಾಯಿ, ಕರ್ನಾಟಕ ಸರ್ಕಾರ ಆ ತಿಂಗಳೇ ಅದನ್ನು 500ಕ್ಕೆ ಇಳಿಸಿತು. ಎರಡು ಪಟ್ಟಿನ ಲೆಕ್ಕ ನೀವೇ ಹಾಕಿಕೊಳ್ಳಿ.

ಪಾವತಿ ಹರಿಯುವವರು ಯಾರು ಎಂಬುದೇ ಕಗ್ಗಂಟು. ಪೊಲೀಸರಿಗೆ ಪೊಲೀಸರೇ ಹರಿಯಬೇಕು. 1982ರಲ್ಲಿ ದೆಹಲಿಯಲ್ಲಿ, ಕಿರಣ್ ಬೇಡಿ ಸಂಚಾರ ವಿಭಾಗದಲ್ಲಿದ್ದಾಗ, ತಪ್ಪು ಜಾಗದಲ್ಲಿ ನಿಂತಿದ್ದ ಪ್ರಧಾನಿ ಕಚೇರಿಯ ಕಾರಿಗೇ ದಂಡ ಬಿದ್ದಿತ್ತು. ದಂಡ ಹಾಕಿದವರು ನಿರ್ಮಲ್ ಸಿಂಗ್ ಎಂಬ ಸಬ್ ಇನ್‌ಸ್ಪೆಕ್ಟರ್, ಹೆಸರು ಬಂದದ್ದು ಬೇಡಿಯವರಿಗೆ! 2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಆರ್.ಟಿ. ನಗರದಲ್ಲಿ ಅರ್ಧ ಹೆಲ್ಮೆಟ್ ಹಾಕಿದ್ದ ಪೊಲೀಸರೊಬ್ಬರಿಗೆ ಸಂಚಾರ ಪೊಲೀಸರೇ ದಂಡ ಹಾಕಿ ಫೋಟೊ ಹಂಚಿದರು. ಫೋಟೊಕ್ಕಾಗಿ ನಾಟಕ ಅಂದವರೂ ಇದ್ದರು. ನಾಟಕವೇ ಆಗಿದ್ದರೂ ಅಂಥದ್ದು ನಮ್ಮ ಕಡೆಯೂ ಒಮ್ಮೆ ಆಗಲಿ ಅನ್ನಿಸುತ್ತದೆ.

ನಾವೂ ಸಾಚಾ ಅಲ್ಲ. ಜಾತ್ರೆಗೆ ಒಂದೇ ಬೈಕಿನಲ್ಲಿ ಮೂವರು ಹೋಗುತ್ತೇವೆ. ರಾತ್ರಿ ಹಿಂದೆ ಕೆಂಪು ದೀಪವಿಲ್ಲದ ಎರಡು ಟ್ರೇಲರ್ ಕಟ್ಟಿಕೊಂಡು ಕಬ್ಬು ಸಾಗಿಸುತ್ತೇವೆ. ಬಿಸಿಲಲ್ಲಿ ದಿನವಿಡೀ ರಸ್ತೆಯಲ್ಲಿ ನಿಲ್ಲುವ ಕಾನ್‌ಸ್ಟೆಬಲ್‌ನ ತಲೆಯೂ ನಮ್ಮ ತಲೆಯಷ್ಟೇ ಮೆತ್ತಗೆ, ಅವರ ಮನೆಯಲ್ಲೂ ಕಾಯುವವರಿದ್ದಾರೆ.

ಇದನ್ನೆಲ್ಲ ಆ ಹುಡುಗನಿಗೆ ಮೊನ್ನೆ ಹೇಳಿದೆವು. ನಡುರಸ್ತೆಯಲ್ಲಿ ವಾದಕ್ಕೆ ನಿಲ್ಲಬೇಡ, ದಿನ, ಹೊತ್ತು, ಜಾಗ, ಗಾಡಿ ನಂಬರ್ ಬರೆದು ಎಸ್‌ಪಿ ಕಚೇರಿಗೆ ಅರ್ಜಿ ಕೊಡು ಎಂದೂ ಹೇಳಿದೆವು. ಅವನು ಅದೇ ಹಳೆ ಪಾವತಿಯ ಹಿಂದೆ "210-ಬಿ" ಅಂತ ಬರೆದುಕೊಂಡು ಕಿಸೆಗೆ ಹಾಕಿದ. ಹೊಸ ಹೆಲ್ಮೆಟ್ ತಂದಿದ್ದ, ಐಎಸ್‌ಐ ಗುರುತಿನದೇ. ಅದನ್ನು ಬೈಕಿನ ಕನ್ನಡಿಗೆ ತೂಗುಹಾಕಿಕೊಂಡೇ ಹೊರಟ. "ಏ ತಮ್ಮಾ!" ಅಂತ ಕೂಗಿದ ಮೇಲೆ ನಿಲ್ಲಿಸಿ ಹಾಕಿಕೊಂಡ.