ಐಎಲ್‌ಒ ಸಂಶೋಧನಾ ಇಂಟರ್ನ್‌ಶಿಪ್

ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು (ಐಎಲ್‌ಒ, ಸ್ಥಾಪನೆ 1919, ಕೇಂದ್ರ ಕಚೇರಿ ಜಿನೀವಾ) ಸ್ನಾತಕೋತ್ತರ ವ್ಯಾಸಂಗದ ಕೊನೆಯ ಹಂತದಲ್ಲಿರುವವರಿಗೆ ಮತ್ತು ಅದನ್ನು ಇತ್ತೀಚೆಗೆ ಮುಗಿಸಿದವರಿಗೆ ನೀಡುವ ಅಲ್ಪಾವಧಿ ತರಬೇತಿ. ಅವಧಿ ಮೂರರಿಂದ ಆರು ತಿಂಗಳು. ಬೇರೆ ಸಂಸ್ಥೆಯ ನೆರವಿಲ್ಲದವರಿಗೆ ಜೀವನ ನಿರ್ವಹಣೆಗೆಂದು ಮಾಸಿಕ ಭತ್ಯೆ ಸಿಗುತ್ತದೆ. ವಿಶ್ವಸಂಸ್ಥೆಯ ಸಚಿವಾಲಯ ತನ್ನ ಇಂಟರ್ನ್‌ಗಳಿಗೆ ಸಂಬಳ ಕೊಡದ ಪದ್ಧತಿಯನ್ನು ಬಹುಕಾಲ ಪಾಲಿಸಿಕೊಂಡು ಬಂದಿದೆ. ದುಡಿಮೆಗೆ ನ್ಯಾಯವಾದ ಪ್ರತಿಫಲ ಸಿಗಬೇಕೆಂದು ಜಗತ್ತಿಗೆ ಹೇಳುವ ಐಎಲ್‌ಒಗೆ ಆ ದಾರಿ ಹಿಡಿಯುವುದು ಮುಜುಗರವೇ ಆಗುತ್ತಿತ್ತು. ತರಬೇತಿ ಮುಗಿದ ಮೇಲೆ ನೌಕರಿಯ ಭರವಸೆಯೇನೂ ಇಲ್ಲ.

ಸಂಶೋಧನೆ, ಅಂಕಿಅಂಶ ಮತ್ತು ಕೌಶಲ ವಿಭಾಗಗಳಲ್ಲಿನ ಕೆಲಸದ ಬಹುಪಾಲು ದತ್ತಾಂಶದ ಶುದ್ಧೀಕರಣ, ಹೋಲಿಕೆ, ಹಿನ್ನೆಲೆ ಟಿಪ್ಪಣಿಗಳ ರಚನೆ. ಇದು ಕೇಳಿದಷ್ಟು ಸಲೀಸಲ್ಲ. 1982ರ ಕಾರ್ಮಿಕ ಅಂಕಿಅಂಶ ತಜ್ಞರ ಸಮ್ಮೇಳನದ ಮಾನದಂಡದಂತೆ ವಾರದಲ್ಲಿ ಒಂದೇ ಗಂಟೆ ದುಡಿದವರೂ ಉದ್ಯೋಗಸ್ಥರು. 2013ರ ಸಮ್ಮೇಳನ ‘ಉದ್ಯೋಗ’ವನ್ನು ವೇತನ ಅಥವಾ ಲಾಭಕ್ಕಾಗಿ ಮಾಡುವ ದುಡಿಮೆಗೆ ಸೀಮಿತಗೊಳಿಸಿತು. ಹೀಗಾಗಿ ಮನೆಯ ಊಟಕ್ಕಷ್ಟೇ ರಾಗಿ ಬೆಳೆಯುವ ರೈತ ಮಹಿಳೆ ಹಳೆಯ ಲೆಕ್ಕದಲ್ಲಿ ಉದ್ಯೋಗಸ್ಥೆ, ಹೊಸದರಲ್ಲಿ ಅಲ್ಲ. ಭಾರತದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯನ್ನು (2017–18ರಿಂದ) ಬೇರೆ ದೇಶಗಳ ಸಮೀಕ್ಷೆಗಳ ಪಕ್ಕದಲ್ಲಿಡುವವರು ಮೊದಲು ಈ ತೊಡಕನ್ನು ಬಿಡಿಸಿಕೊಳ್ಳಬೇಕು. ಸ್ಟೇಟಾ, ಆರ್ ತಂತ್ರಾಂಶಗಳ ಪರಿಚಯ ಇಲ್ಲಿ ನೆರವಾಗುತ್ತದೆ.

ಭಾರತ ಐಎಲ್‌ಒದ ಸ್ಥಾಪಕ ಸದಸ್ಯ ರಾಷ್ಟ್ರ. ದೆಹಲಿಯಲ್ಲಿ ಅದರ ಕಚೇರಿ 1928ರಿಂದ ಇದೆ. ಮಾನವ ಅಭಿವೃದ್ಧಿ ಸಂಸ್ಥೆಯೊಡನೆ ಸಿದ್ಧಪಡಿಸಿದ ಭಾರತ ಉದ್ಯೋಗ ವರದಿ 2024ರಲ್ಲಿ ಪ್ರಕಟವಾಯಿತು.