ಕಿರಣ ಚಿಕಿತ್ಸೆಗೆ ಹಣ ತೆರುವವರು ಯಾರು?



ಇಳಕಲ್ಲಿನ ನೇಕಾರರ ಮನೆಯ ತಾಯಿಯೊಬ್ಬಳಿಗೆ ಕ್ಯಾನ್ಸರ್ ಎಂದು ತಿಳಿದೊಡನೆ ‘ಬದುಕುವಳೇ?’ ಎಂಬ ಪ್ರಶ್ನೆಯ ಬೆನ್ನಿಗೇ ‘ಹಣವೆಲ್ಲಿಂದ?’ ಎಂಬ ಪ್ರಶ್ನೆಯೂ ಹೊಸ್ತಿಲು ದಾಟಿ ಒಳಬರುತ್ತದೆ. ಈ ಎರಡನೆಯ ಪ್ರಶ್ನೆಗೆ ನಮ್ಮ ನಾಡು ಉತ್ತರ ಕಂಡುಕೊಂಡ ಬಗೆಯನ್ನು ನಾವು ಅರಿಯಬೇಕು.

ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಆರಂಭವಾಯಿತು. 1980ರಲ್ಲಿ ಅದು ಸ್ವಾಯತ್ತವಾಯಿತು. ಸರ್ಕಾರ ಸಂಸ್ಥೆಗೆ ಅನುದಾನ ನೀಡುವುದು, ರೋಗಿ ಅಲ್ಲಿಗೆ ತಲುಪುವುದು - ಇದು ಅಂದಿನ ಕ್ರಮ. ಆದರೆ ಜನರು ‘ಕರೆಂಟ್ ಕೊಡಿಸುವುದು’ ಎನ್ನುವ ವಿಕಿರಣ ಚಿಕಿತ್ಸೆ ಒಂದು ದಿನದ್ದಲ್ಲ. ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಹಲವು ವಾರ ನಡೆಯುತ್ತದೆ. ನಡುವೆ ನಿಂತರೆ ಅದರ ಫಲ ಕುಗ್ಗುತ್ತದೆ. ಬಾದಾಮಿ, ಹುನಗುಂದದ ಬಡವರಿಗೆ ರಾಜಧಾನಿಯ ಯಂತ್ರ ಬಹುದೂರವೇ ಆಗಿತ್ತು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ಸಹಕಾರಿ ರೈತರಿಗೆ ಆಸರೆಯಾಯಿತಾದರೂ ಅದರ ಗಮನ ಪ್ರಧಾನವಾಗಿ ಶಸ್ತ್ರಚಿಕಿತ್ಸೆಯ ಮೇಲಿತ್ತು.

ತಿರುವು ಬಂದದ್ದು 2010ರಲ್ಲಿ. ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಗುಲ್ಬರ್ಗಾ ವಿಭಾಗದಲ್ಲಿ, ಬಳಿಕ ಬಾಗಲಕೋಟೆಯನ್ನೊಳಗೊಂಡ ಬೆಳಗಾವಿ ವಿಭಾಗದಲ್ಲಿ ಜಾರಿಯಾಯಿತು. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂಪಾಯಿ, ಅಗತ್ಯವಿದ್ದಲ್ಲಿ ಇನ್ನೂ 50 ಸಾವಿರ. ಇಲ್ಲಿ ಸರ್ಕಾರ ಯಂತ್ರ ಕೊಳ್ಳಲಿಲ್ಲ, ಚಿಕಿತ್ಸೆಯನ್ನೇ ಕೊಂಡಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೊಡನೆ ಒಪ್ಪಂದ ಮಾಡಿಕೊಂಡು, ಪ್ರತಿ ಚಿಕಿತ್ಸೆಗೂ ದರ ಗೊತ್ತುಪಡಿಸಿ, ಮುಂಚಿತವಾಗಿ ಅನುಮತಿ ನೀಡಿ, ಹಣವನ್ನು ನೇರವಾಗಿ ಆಸ್ಪತ್ರೆಗೆ ಪಾವತಿಸಿತು. ಹಳ್ಳಿಗಳ ಶಿಬಿರಗಳಲ್ಲಿ ರೋಗಿಗಳನ್ನು ಗುರುತಿಸಲಾಯಿತು.

ಫಲವೇನು? ಯೋಜನೆ ಇದ್ದ ಹಾಗೂ ಇಲ್ಲದ ಜಿಲ್ಲೆಗಳ ಗಡಿಯ ಗ್ರಾಮಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೊಳಪಟ್ಟ ಹೃದ್ರೋಗ, ಕ್ಯಾನ್ಸರ್ ಮೊದಲಾದ ಕಾಯಿಲೆಗಳಿಂದ ಬಡವರಲ್ಲಿ ಸಂಭವಿಸುವ ಸಾವು, ಯೋಜನೆಯಿದ್ದ ಊರುಗಳಲ್ಲಿ ಶೇ. 64ರಷ್ಟು ಕಡಿಮೆ ಇತ್ತು. ಈ ಅಂಕಿಯ ಹಿಂದೆ ಮಕ್ಕಳ ಬಳಿಗೆ ಮರಳಿದ ತಾಯಂದಿರಿದ್ದಾರೆ.

2018ರಲ್ಲಿ ಈ ವ್ಯವಸ್ಥೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಸೇರಿ, ಬಡ ಕುಟುಂಬದ ಮಿತಿ 5 ಲಕ್ಷಕ್ಕೇರಿತು. ಆದರೂ ಆಸ್ಪತ್ರೆಗೆ ಹಣ ತಡವಾಗಿ ಸಂದರೆ ಒಪ್ಪಂದ ಸಡಿಲವಾಗುತ್ತದೆ. ದರ ತೀರ ಕಡಿಮೆಯಾದರೆ ಬಾಗಿಲು ಕಿರಿದಾಗುತ್ತದೆ. ಮೇಲಾಗಿ, ಕಾರ್ಡು ಕಿರಣದ ಬೆಲೆ ತೆರುತ್ತದೆಯೇ ಹೊರತು, ಆ ವಾರಗಳಲ್ಲಿ ನಿಂತ ಮಗ್ಗದ ಕೂಲಿಯನ್ನಲ್ಲ.

ಓದುಗರೇ, ಸರ್ಕಾರದ ಪಾಲನ್ನು ಹಕ್ಕಿನಿಂದ ಕೇಳೋಣ. ಉಳಿದ ಪಾಲು ಯಾರದೆಂಬುದನ್ನು ಚಿಕಿತ್ಸೆಗೆ ಹೊರಟ ನೆರೆಮನೆಯವರನ್ನು ಕಂಡಾಗ ನಮ್ಮನ್ನೇ ಕೇಳಿಕೊಳ್ಳೋಣ.